ಮುಖ ಸಾಕು, ಕಾಲು ತೋರಿಸಿ

ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಮೊನ್ನೆ ಬ್ಯಾಲೆ ಬಗ್ಗೆ ಒಂದು ಬರಹ ಬಂದಿತ್ತು. ಚೆನ್ನಾಗಿಯೇ ಇತ್ತು. ಕೊನೆಯಲ್ಲಿ ಮಾತ್ರ ಬರೆದವರು ಒಂದು ಮಾತು ಎಸೆದು ಹೋಗಿದ್ದಾರೆ. ಬ್ಯಾಲೆಯನ್ನು ರಂಗಮಂದಿರದಲ್ಲೇ ನೋಡಬೇಕಂತೆ, ಟಿವಿಯಲ್ಲಿ ನೋಡಿದ್ದು ಲೆಕ್ಕಕ್ಕೇ ಇಲ್ಲವಂತೆ. ಓದಿ ಸ್ವಲ್ಪ ಉರಿಯಿತು ನೋಡಿ. ನಾನು ಇಪ್ಪತ್ತು ವರ್ಷದಿಂದ ಬ್ಯಾಲೆ ನೋಡುತ್ತಿದ್ದೇನೆ. ಒಂದೇ ಒಂದು ಸಲವೂ ರಂಗಮಂದಿರದಲ್ಲಿ ನೋಡಿಲ್ಲ. ಎಲ್ಲಾ ಡಿಸ್ಕ್, ಎಲ್ಲಾ ಟಿವಿ. ಹಾಗಾದರೆ ಇಷ್ಟು ವರ್ಷ ನಾನು ಕೂತು ನೋಡಿದ್ದು ಏನು?

ಜಗಳಕ್ಕೆ ಬರೆಯುತ್ತಿಲ್ಲ. ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಮನೆಯಲ್ಲಿ ಬ್ಯಾಲೆ ನೋಡುವವರಿಗೆ ಏನೋ ಕೈತಪ್ಪುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಅದು ಪರದೆ ಚಿಕ್ಕದಾಗಿರುವುದರಿಂದ ಅಲ್ಲ, ಸೋಫಾ ಮೇಲೆ ಕೂತಿರುವುದರಿಂದಲೂ ಅಲ್ಲ. ಕುಣಿಯುವವರ ಕಾಲನ್ನು ಯಾರೋ ಕತ್ತರಿಸಿ ಬಿಸಾಡುತ್ತಾರೆ, ತೊಂದರೆ ಅಲ್ಲಿರುವುದು. ಒಮ್ಮೊಮ್ಮೆ ಚಿತ್ರ ತೆಗೆದವರು, ಒಮ್ಮೊಮ್ಮೆ ಟಿವಿ, ಒಮ್ಮೊಮ್ಮೆ ರಿಮೋಟ್ ಹಿಡಿದ ನಾವೇ.

ಸ್ವಾನ್ ಲೇಕ್ ಬ್ಯಾಲೆಯ ಮೂರನೇ ಅಂಕ ಎಲ್ಲರಿಗೂ ಗೊತ್ತಿರುವುದು, ಅದನ್ನೇ ನೋಡೋಣ. ಮಾಂತ್ರಿಕನೊಬ್ಬ ಹಂಸವಾಗಿಸಿದ ಹುಡುಗಿಯನ್ನು ರಾಜಕುಮಾರ ಪ್ರೀತಿಸುವ ಕಥೆ ಅದು. ಕಪ್ಪು ಹಂಸ ಓಡಿಲ್ ರಾಜಕುಮಾರನ ತಲೆ ಕೆಡಿಸುವುದಕ್ಕೆ ಬಂದಿದ್ದಾಳೆ. ಕೊನೆಯಲ್ಲಿ ಒಂದೇ ಕಾಲಿನ ಮೇಲೆ ನಿಂತು 32 ಸುತ್ತು ತಿರುಗುತ್ತಾಳೆ. ಇದಕ್ಕೆ ಫುಯೆಟೆ ಎನ್ನುತ್ತಾರೆ. 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಮಾರಿನ್ಸ್ಕಿ ರಂಗಮಂದಿರದಲ್ಲಿ ಇಟಲಿಯ ನರ್ತಕಿ ಪಿಯೆರಿನಾ ಲೆಗ್ನಾನಿ ಇದನ್ನು ಸ್ವಾನ್ ಲೇಕ್‌ಗೆ ತಂದು ಹಾಕಿದರು, ಆಮೇಲೆ ಬಂದವರೆಲ್ಲ ಆ ಹೊರೆ ಹೊರಲೇಬೇಕಾಯಿತು. ಸರಿ, ಈ ಸುತ್ತು ಹೇಗೆ ನಡೆಯುತ್ತದೆ? ನಿಂತಿರುವ ಕಾಲಿನ ಹಿಮ್ಮಡಿ ಪ್ರತಿ ಸುತ್ತಿಗೂ ಒಮ್ಮೆ ನೆಲ ಮುಟ್ಟುತ್ತದೆ, ಮಂಡಿ ಚೂರು ಮಡಿಯುತ್ತದೆ, ಅದೇ ಹೊತ್ತಿಗೆ ಇನ್ನೊಂದು ಕಾಲು ಮುಂದಕ್ಕೆ ಚಾಚಿ ಪಕ್ಕಕ್ಕೆ ಬೀಸುತ್ತದೆ. ಆಗ ಅವಳ ಮೈ ನಮ್ಮ ಕಡೆ ಮುಖ ಮಾಡಿ ನಿಂತೇಬಿಟ್ಟ ಹಾಗೆ ಕಾಣುತ್ತದೆ, ಆದರೆ ತಿರುಗುವ ಬಲವೆಲ್ಲ ಬೀಸುವ ಕಾಲಿನಲ್ಲಿ ಕೂತಿರುತ್ತದೆ. ಆ ಕಾಲನ್ನು ಮಂಡಿ ಹತ್ತಿರ ಸೆಳೆದುಕೊಂಡಳೋ, ಬಲ ಇಡೀ ಮೈಗೆ ಬಂತು, ಮತ್ತೆ ಬೆರಳ ತುದಿಗೇರಿ ಗಿರ್ರನೆ ಒಂದು ಸುತ್ತು. ಮತ್ತೆ ಹಿಮ್ಮಡಿ, ಮತ್ತೆ ಬೀಸು. ಇಡೀ ಕಸರತ್ತು ಸೊಂಟದಿಂದ ಕೆಳಗೆ!

ಈಗ ನನ್ನ ಹತ್ತಿರ ಇರುವ ಒಂದು ಡಿಸ್ಕ್ ಕಥೆ ಕೇಳಿ. ಯಾವುದು ಅಂತ ಹೆಸರು ಬೇಡ. ಮೊದಲ ಏಳೆಂಟು ಸುತ್ತು ಪೂರ್ತಿ ಮೈ ಕಾಣುತ್ತದೆ. ಆಮೇಲೆ ಕ್ಯಾಮೆರಾ ರಾಜಕುಮಾರನ ಮುಖಕ್ಕೆ ಹೋಗುತ್ತದೆ. ಅವನು ಬೆರಗಾಗಿದ್ದಾನೆ. ನಮಗೂ ಬೆರಗಾಗುವ ಆಸೆ ಇದೆ, ಆದರೆ ಏನನ್ನು ನೋಡಿ? ವಾಪಸ್ ಬಂದರೆ ಎದೆಯಿಂದ ಮೇಲೆ ಮಾತ್ರ. ತಲೆ ತಿರುಗುತ್ತಿದೆ, ಕೈ ತೆರೆಯುತ್ತಿದೆ, ಮುಚ್ಚುತ್ತಿದೆ, ತಿರುಗುವ ಕುರ್ಚಿ ಮೇಲೆ ಕೂರಿಸಿದ್ದರೂ ಹೀಗೇ ಕಾಣುತ್ತಿತ್ತು. ಆಮೇಲೆ ರಾಣಿಯಮ್ಮ. ಆಮೇಲೆ ಮಾಂತ್ರಿಕ. ಕೊನೆಯ ನಾಲ್ಕು ಸುತ್ತಿಗೆ ಮತ್ತೆ ಇಡೀ ವೇದಿಕೆ. ಎಷ್ಟು ಸುತ್ತಾಯಿತು, ಹಿಮ್ಮಡಿ ಸರಿಯಾಗಿ ಏರಿತಾ, ಶುರು ಮಾಡಿದ ಜಾಗದಲ್ಲೇ ಇದ್ದಾಳಾ ಅಥವಾ ಸುತ್ತುತ್ತಾ ಸುತ್ತುತ್ತಾ ವೇದಿಕೆಯ ಅಂಚಿಗೇ ಬಂದುಬಿಟ್ಟಳಾ, ಒಂದೂ ಗೊತ್ತಾಗುವುದಿಲ್ಲ. ಇದನ್ನು ಹೇಳಿದರೆ ಗೆಳೆಯರು ಏನೋ ಅತಿಯಾಯಿತು ನಿಂದು ಅನ್ನುತ್ತಾರೆ. ಕ್ರಿಕೆಟ್ ತೋರಿಸುವಾಗ ಚೆಂಡು ಬ್ಯಾಟಿಗೆ ತಾಗುವ ಹೊತ್ತಿಗೆ ಸರಿಯಾಗಿ ಅಂಪೈರ್ ಮುಖ ತೋರಿಸಿದರೆ ಸುಮ್ನೆ ಇರುತ್ತಾರಾ ಅವರು?

ಒಂದು ಕಾಲದಲ್ಲಿ ಇದಕ್ಕೆ ಕಾರಣ ಇತ್ತು, ಅದನ್ನೂ ಹೇಳಬೇಕು. ಟಿವಿ ಚಿತ್ರ ಅಡ್ಡ ಗೆರೆಗಳಿಂದ ಆದದ್ದು, ಹಳೆ ಟಿವಿ ಚಿತ್ರದಲ್ಲಿ ಯುರೋಪ್ ಕಡೆ 576 ಗೆರೆ, ಅಮೆರಿಕ ಜಪಾನ್ ಕಡೆ 480 ಗೆರೆ. ಇಡೀ ವೇದಿಕೆ ಒಂದೇ ಚೌಕಟ್ಟಿನಲ್ಲಿ ಬರಬೇಕೆಂದರೆ ಒಬ್ಬ ನರ್ತಕಿ ಚಿತ್ರದ ಎತ್ತರದ ಐದನೇ ಒಂದು ಭಾಗ ಇದ್ದಾಳೆ ಅಂದುಕೊಳ್ಳಿ. ಆಗ ಅವಳ ಪಾಲಿಗೆ ಬರುವುದು ನೂರರ ಆಸುಪಾಸು ಗೆರೆ. ಅದರಲ್ಲಿ ಪಾದಕ್ಕೆಷ್ಟು, ಮುಖಕ್ಕೆಷ್ಟು! ಬಿಳಿ ಚುಕ್ಕೆ ಓಡಾಡಿದ ಹಾಗೆ ಕಾಣುತ್ತದೆ ಅಷ್ಟೇ. ಅದಕ್ಕೇ ಹತ್ತಿರ ಹೋಗುತ್ತಿದ್ದರು, ತಪ್ಪೇನಿಲ್ಲ. ಆದರೆ 2006ರಲ್ಲಿ ಬ್ಲೂ-ರೇ ಡಿಸ್ಕ್ ಬಂತು, ಗೆರೆ 1080 ಆಯಿತು. ಈಗ ದೂರದಿಂದ ತೋರಿಸಿದರೂ ಪಾದದ ಸೆಟೆತ ಕಾಣುತ್ತದೆ, ಟುಟು ಎಂಬ ಕುಣಿತದ ಲಂಗದ ಮೇಲಿನ ಕಸೂತಿಯೂ ಕಾಣುತ್ತದೆ. ಕಾರಣ ಹೋಯಿತು, ಚಟ ಉಳಿಯಿತು.

ಹಾಗಂತ ಹಳಬರಿಗೆಲ್ಲ ತಿಳಿದಿರಲಿಲ್ಲ ಅಂತಲ್ಲ. ಫ್ರೆಡ್ ಅಸ್ಟೇರ್ ಬ್ಯಾಲೆಯವರಲ್ಲ, ಹಾಲಿವುಡ್‌ನವರು. ತಾನು ಕುಣಿಯುವಾಗ ತಲೆಯಿಂದ ಕಾಲಿನವರೆಗೆ ಪೂರ್ತಿ ಕಾಣಬೇಕು, ಸುಮ್ಮನೆ ಕತ್ತರಿಸಬಾರದು ಅಂತ 1930ರ ದಶಕದಲ್ಲೇ ಹಟ ಹಿಡಿದಿದ್ದರು. ಬ್ಯಾಲೆಯಲ್ಲಿ ನೃತ್ಯ ಸಂಯೋಜಕ ಬ್ಯಾಲಂಚೈನ್ ಇನ್ನೊಂದು ದಾರಿ ಹಿಡಿದರು. 1970ರ ದಶಕದಲ್ಲಿ ಅಮೆರಿಕದ ಟಿವಿಗೆ ತಮ್ಮ ನೃತ್ಯಗಳನ್ನು ಕೊಡುವಾಗ, ಕ್ಯಾಮೆರಾಗೆ ಹೊಂದುವ ಹಾಗೆ ನರ್ತಕರು ನಿಲ್ಲುವ ಜಾಗ, ಹೆಜ್ಜೆ ಎಲ್ಲ ಅಲ್ಲಲ್ಲಿ ಬದಲಾಯಿಸಿಬಿಟ್ಟರು. ಸ್ಟುಡಿಯೋದಲ್ಲಿ ಚಿತ್ರ ತೆಗೆಸಿದರು. ತಾವೇ ಕಟ್ಟಿದ್ದು, ತಾವೇ ಬಿಚ್ಚಿ ಕಟ್ಟಿದರು, ಕೇಳುವವರು ಯಾರು? ಅವರಿಗೆ ಟಿವಿ ಬಗ್ಗೆ ಮೊದಲಿನಿಂದಲೂ ಮಡಿ ಇರಲಿಲ್ಲ. 1958ರಲ್ಲಿ ನಟ್‌ಕ್ರ್ಯಾಕರ್ ಬ್ಯಾಲೆ ಟಿವಿಯಲ್ಲಿ ಬಂದಾಗ ಮುದುಕ ಡ್ರೊಸೆಲ್‌ಮೇಯರ್ ಪಾತ್ರ ಮಾಡಿದ್ದು ಸ್ವತಃ ಬ್ಯಾಲಂಚೈನ್.

ಇನ್ನು ನಮ್ಮ ಮನೆಯ ಅಪರಾಧ. ಇದಕ್ಕೆ ಬೇರೆ ಯಾರನ್ನೂ ದೂರುವ ಹಾಗಿಲ್ಲ. ಹೊಸ ಅಗಲದ ಟಿವಿ ಬಂದ ಮೊದಲ ದಿನ ಹಳೆಯ ಡಿಸ್ಕ್ ಒಂದನ್ನು ಹಾಕಿದೆ. 1966ರಲ್ಲಿ ತೆಗೆದ ಸ್ವಾನ್ ಲೇಕ್, ವಿಯೆನ್ನಾದ ತಂಡ, ಕುಣಿದವರು ಮಾರ್ಗೊ ಫಾಂಟೇನ್ ಮತ್ತು ನುರೆಯೆವ್. ಚಿತ್ರ ಹಳೆ ಅಳತೆಯದು, 4:3, ಅಂದರೆ ಅಗಲ ನಾಲ್ಕಾದರೆ ಎತ್ತರ ಮೂರು. ಎರಡು ಪಕ್ಕದಲ್ಲೂ ಕಪ್ಪು ಪಟ್ಟಿ ಬಂತು. ಅಣ್ಣನಿಗೆ ತಡೆಯಲಾಗಲಿಲ್ಲ. "ಇಷ್ಟು ದೊಡ್ಡ ಟಿವಿ ತಗೊಂಡು ಪಟ್ಟಿ ನೋಡ್ತಾ ಕೂರೋದಾ?" ಅಂತ ರಿಮೋಟ್ ಒತ್ತಿ ಚಿತ್ರ ಎಳೆದುಬಿಟ್ಟ. ಪರದೆ ತುಂಬಿತು. ಪಾಪ ಫಾಂಟೇನ್! ಎತ್ತರ ಅಷ್ಟೇ ಇದೆ, ಅಗಲ ಮೂರನೇ ಒಂದು ಭಾಗ ಜಾಸ್ತಿ. ಪಕ್ಕಕ್ಕೆ ಚಾಚಿದ ಕಾಲು ಉದ್ದ, ನಿಂತ ಕಾಲು ಗಿಡ್ಡ. ಸ್ವಲ್ಪ ಲೆಕ್ಕ ಹಾಕಿದರೆ ನಗು ಬರುತ್ತದೆ. ಅವಳು ನೆಲಕ್ಕೆ 45 ಡಿಗ್ರಿ ಓರೆಯಾಗಿ ಚಾಚಿದ ಕಾಲು ನಮ್ಮ ಟಿವಿಯಲ್ಲಿ ನೆಲಕ್ಕೆ ಸುಮಾರು 37 ಡಿಗ್ರಿ ಓರೆಯಾಗಿರುತ್ತದೆ. ಅಷ್ಟು ವರ್ಷ ಅಭ್ಯಾಸದ ಕಂಬಿ ಹಿಡಿದು ಬೆವರು ಸುರಿಸಿ ಸಾಧಿಸಿದ ಗೆರೆಯನ್ನು ಅಣ್ಣ ಒಂದು ಗುಂಡಿ ಒತ್ತಿ ಸೊಟ್ಟ ಮಾಡಿದ.

ಬೇಡ ಎಂದರೆ ಝೂಮ್ ಮಾಡುತ್ತಾನೆ. ಅದು ಇನ್ನೂ ಕೆಟ್ಟದ್ದು. ಆಕಾರ ಸರಿ ಇರುತ್ತದೆ, ಆದರೆ ಚಿತ್ರದ ಎತ್ತರದಲ್ಲಿ ನಾಲ್ಕನೇ ಒಂದು ಭಾಗ ಮೇಲೆ ಕೆಳಗೆ ಹಾರಿಹೋಗುತ್ತದೆ. ಮೇಲೆ ಹೋಗುವುದು ಪರದೆ, ಮರ, ಚಂದ್ರ. ಕೆಳಗೆ ಹೋಗುವುದು ಏನು ಅಂತ ನಾನು ಹೇಳಬೇಕಾ?

ಇದನ್ನು ಸರಿ ಮಾಡಿಕೊಂಡ ಮೇಲೂ ಇನ್ನೊಂದು ಕಳ್ಳತನ ಉಳಿದಿರುತ್ತದೆ. ಬಹಳಷ್ಟು ಟಿವಿಗಳು ಹೇಳದೆ ಕೇಳದೆ ಚಿತ್ರವನ್ನು ಚೂರು ಹಿಗ್ಗಿಸಿ ನಾಲ್ಕೂ ಅಂಚನ್ನು ನುಂಗುತ್ತವೆ. ಇದಕ್ಕೆ ಓವರ್‌ಸ್ಕ್ಯಾನ್ ಎನ್ನುತ್ತಾರೆ. ಸೀರಿಯಲ್ ನೋಡುವವರಿಗೆ ಗೊತ್ತೇ ಆಗುವುದಿಲ್ಲ. 24 ಹಂಸಗಳು ಸಾಲಾಗಿ ನಿಂತಾಗ ಎರಡು ತುದಿಯ ಹಂಸಗಳಿಗೆ ಒಂದೊಂದು ಕೈ ಇರುವುದಿಲ್ಲ, ಆಗ ನನಗೆ ಗೊತ್ತಾಯಿತು. ಸೆಟ್ಟಿಂಗ್‌ನಲ್ಲಿ ಹುಡುಕಿ ಆಫ್ ಮಾಡಿ. ಹಾಗೇ ಚಲನೆಯನ್ನು ನುಣುಪು ಮಾಡುವ ಸೌಕರ್ಯ ಅಂತ ಒಂದಿದೆ, ಅದನ್ನೂ ಆಫ್ ಮಾಡಿ. ಎರಡು ಚಿತ್ರಗಳ ನಡುವೆ ಟಿವಿ ತಾನೇ ಊಹಿಸಿ ಇನ್ನೊಂದು ಚಿತ್ರ ತುರುಕುತ್ತದೆ. ನಿಧಾನ ನಡಿಗೆಗೆ ಪರವಾಗಿಲ್ಲ, ಜೋರಾಗಿ ತಿರುಗುವಾಗ ಕೈಯ ಸುತ್ತ ಬೂದಿ ಬಣ್ಣದ ಹೊಗೆ ಎದ್ದ ಹಾಗೆ ಕಾಣುತ್ತದೆ. ಅಂಗಡಿಯಲ್ಲಿ ಕಣ್ಣು ಕುಕ್ಕಲಿ ಅಂತ ಇಟ್ಟಿರುವ ಹೊಳಪೂ ಬೇಡ. ಜಿಸೆಲ್‌ನ ಬ್ಯಾಲೆಯ ಎರಡನೇ ಅಂಕ ಪೂರ್ತಿ ಬೆಳದಿಂಗಳು, ಬಿಳಿ ಬಟ್ಟೆ, ಸತ್ತ ಹುಡುಗಿಯರು. ಹೊಳಪು ಜಾಸ್ತಿಯಾದರೆ ಬಟ್ಟೆಯ ಮಡಿಕೆಯೆಲ್ಲ ಸುಟ್ಟುಹೋಗಿ ಪ್ರೇತಗಳು ಸೋಪಿನ ಜಾಹೀರಾತಿನವರ ಹಾಗೆ ಕಾಣುತ್ತಾರೆ.

ಶಬ್ದದ ವಿಷಯವೂ ಇದೆ. ಚಿತ್ರವನ್ನು ಚೆಂದ ಮಾಡುವುದಕ್ಕೆ ಟಿವಿ ಒಂದಿಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಬೇರೆ ಸ್ಪೀಕರ್‌ಗೆ ಹೋದ ಸಂಗೀತ ಮುಂದೆ ಓಡಿರುತ್ತದೆ. ಮಾತಿನ ಸಿನಿಮಾದಲ್ಲಿ ತುಟಿ ನೋಡಿ ಗೊತ್ತಾಗುತ್ತದೆ. ಬ್ಯಾಲೆಯಲ್ಲಿ ಯಾರೂ ಮಾತಾಡುವುದಿಲ್ಲವಲ್ಲ, ನರ್ತಕಿಯೇ ತಾಳ ತಪ್ಪಿದಳು ಅಂದುಕೊಂಡು ಕೂರುತ್ತೇವೆ. ಎಷ್ಟು ಜನರ ಮೇಲೆ ನಾನು ಹೀಗೆ ಸುಳ್ಳು ಆರೋಪ ಹೊರಿಸಿದೆನೋ! ಪರೀಕ್ಷೆಗೆ ನಾನು ಇಟ್ಟುಕೊಂಡಿರುವುದು ಸ್ವಾನ್ ಲೇಕ್‌ನ ನಾಲ್ಕು ಮರಿ ಹಂಸಗಳ ನೃತ್ಯ. ನಾಲ್ವರೂ ಅಡ್ಡಡ್ಡ ಕೈ ಹಿಡಿದುಕೊಂಡು, ಒಂದೇ ಹೊತ್ತಿಗೆ ತಲೆ ತಿರುಗಿಸುತ್ತಾ, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಪಕ್ಕಕ್ಕೆ ಜಿಗಿಯುತ್ತಾ ಹೋಗುತ್ತಾರೆ. ಒಟ್ಟು 16 ಜಿಗಿತ, ಅದಕ್ಕೆ ಪಾ ದ ಶಾ ಅಂತ ಹೆಸರು, ಬೆಕ್ಕಿನ ಹೆಜ್ಜೆ ಎಂದರ್ಥ. ವಾದ್ಯದ ತಾಳಕ್ಕೂ ಕಾಲಿಗೂ ಕೂದಲಷ್ಟು ವ್ಯತ್ಯಾಸ ಬಂದರೂ ಅಲ್ಲಿ ಸಿಕ್ಕಿಬೀಳುತ್ತದೆ. ಆಡಿಯೊ ಡಿಲೇ ಸೆಟ್ಟಿಂಗ್ ಹಿಡಿದು ಹಿಂದೆ ಮುಂದೆ ಜರುಗಿಸಿ, ಆ 16 ಜಿಗಿತ ಸರಿಯಾಗಿ ಕೂತರೆ ಉಳಿದದ್ದೆಲ್ಲ ಕೂತಂತೆ.

ಇಷ್ಟೆಲ್ಲ ರಗಳೆ ಯಾಕೆ, ರಂಗಮಂದಿರಕ್ಕೇ ಹೋಗಬಾರದಾ ಎನ್ನುತ್ತೀರಿ. ಹೋಗಬಹುದು. ಆದರೆ ಅಲ್ಲಿ ಸಿಗದ್ದು ಇಲ್ಲಿ ಸಿಗುತ್ತದೆ, ನಿಮ್ಮ ಬರಹಗಾರರು ಅದನ್ನು ಹೇಳಲೇ ಇಲ್ಲ.

ಸ್ಲೀಪಿಂಗ್ ಬ್ಯೂಟಿ ಬ್ಯಾಲೆಯಲ್ಲಿ ರೋಸ್ ಅಡಾಜಿಯೊ ಅಂತ ಒಂದು ಭಾಗ ಬರುತ್ತದೆ. ರಾಜಕುಮಾರಿ ಅರೋರಾಗೆ ಹದಿನಾರು ತುಂಬುವ ದಿನ. ನಾಲ್ಕು ರಾಜಕುಮಾರರು ಮದುವೆ ಕೇಳಿಕೊಂಡು ಬಂದಿದ್ದಾರೆ. ಅವಳು ಒಂದು ಕಾಲಿನ ಬೆರಳ ತುದಿಯಲ್ಲಿ ನಿಂತು ಇನ್ನೊಂದು ಕಾಲನ್ನು ಹಿಂದೆ ಮಡಿಸಿ ಎತ್ತಿರುತ್ತಾಳೆ. ಒಬ್ಬ ಕೈ ಬಿಡುತ್ತಾನೆ, ಅವಳು ಆ ಕೈಯನ್ನು ತಲೆ ಮೇಲೆ ತಂದು ಹಾಗೇ ನಿಲ್ಲುತ್ತಾಳೆ, ಆಮೇಲೆ ಮುಂದಿನವನ ಕೈ ಹಿಡಿಯುತ್ತಾಳೆ. ನಾಲ್ಕು ಸಲ. ದೂರದಲ್ಲಿ ಕೂತವರಿಗೆ ಗೊಂಬೆ ನಿಂತ ಹಾಗೆ ನಿಂತಿರುತ್ತಾಳೆ. ಒಳ್ಳೆಯ ಡಿಸ್ಕಿನಲ್ಲಿ ಕೆಳಗೆ ನೋಡಿ. ಪಾದದ ಕೀಲು ನಡುಗುತ್ತಿರುತ್ತದೆ. ಎಡಕ್ಕೆ ಒಂದು ನೂಲು, ಬಲಕ್ಕೆ ಒಂದು ನೂಲು. ಪ್ರತಿ ನಡುಕವನ್ನೂ ಆ ಕಾಲು ಹಿಡಿದು ನಿಲ್ಲಿಸುತ್ತಿರುತ್ತದೆ, ಮೇಲೆ ಮುಖದಲ್ಲಿ ಹುಟ್ಟುಹಬ್ಬದ ನಗು. ನಾನು ಅದನ್ನು ರಿಮೋಟ್ ಹಿಡಿದು ನಿಧಾನ ಮಾಡಿ, ಹಿಂದೆ ಹೋಗಿ, ಮತ್ತೆ ನಿಧಾನ ಮಾಡಿ ಒಂದು ಸಂಜೆಯೆಲ್ಲ ನೋಡಿದ್ದೇನೆ. ರಂಗಮಂದಿರದಲ್ಲಿ ಎಷ್ಟೇ ಮುಂದಿನ ಸಾಲಿನಲ್ಲಿ ಕೂತಿದ್ದರೂ ಇನ್ನೊಮ್ಮೆ ನಿಲ್ಲಮ್ಮಾ ಎಂದು ಕೇಳುವ ಹಾಗಿಲ್ಲ, ಅಲ್ವಾ?

ಫಾಂಟೇನ್ ಈ ಪಾತ್ರಕ್ಕೆ ಹೆಸರಾದವರು. 1955ರ ಡಿಸೆಂಬರ್‌ನಲ್ಲಿ ಅವರ ಸ್ಲೀಪಿಂಗ್ ಬ್ಯೂಟಿಯನ್ನು ಅಮೆರಿಕದ ಎನ್‌ಬಿಸಿ ಟಿವಿ ನೇರವಾಗಿ ಬಣ್ಣದಲ್ಲಿ ತೋರಿಸಿತು. ಸುಮಾರು 3 ಕೋಟಿ ಜನ ನೋಡಿದರೆಂದು ಲೆಕ್ಕ. ಆ ದಿನಗಳಲ್ಲಿ ನೇರ ಪ್ರಸಾರವನ್ನು ಉಳಿಸಿಕೊಳ್ಳಬೇಕೆಂದರೆ ಟಿವಿ ಪರದೆ ಎದುರು ಫಿಲ್ಮ್ ಕ್ಯಾಮೆರಾ ಇಟ್ಟು ತೆಗೆಯುತ್ತಿದ್ದರು. ಹಾಗೆ ಉಳಿದದ್ದು ಕಪ್ಪು ಬಿಳುಪಿನ ಮಸುಕು ಚಿತ್ರ, ಡಿಸ್ಕ್ ಆಗಿಯೂ ಬಂದಿದೆ. ಗೆರೆ ಕಮ್ಮಿ, ಶಬ್ದ ಡಬ್ಬಿಯೊಳಗಿಂದ ಬಂದ ಹಾಗೆ. ಆದರೂ ಅದರಲ್ಲಿ ಅವರು ನಿಲ್ಲುವುದನ್ನು ನೋಡಿದ ಮೇಲೆ ಸ್ಪಷ್ಟ ಚಿತ್ರ ಇರುವ ಎಷ್ಟೋ ಹೊಸ ಡಿಸ್ಕ್‌ಗಳು ನನಗೆ ಸಪ್ಪೆ ಅನ್ನಿಸಿವೆ. ಒಂದು ಸಂಜೆ 3 ಕೋಟಿ ಜನ! ಎರಡು ಸಾವಿರ ಸೀಟಿನ ರಂಗಮಂದಿರದಲ್ಲಿ ಅಷ್ಟು ಜನ ನೋಡಬೇಕೆಂದರೆ ದಿನಾ ಒಂದರಂತೆ ಕುಣಿದರೂ ನಲವತ್ತು ವರ್ಷ ಬೇಕು. ಇದು ಲೆಕ್ಕಕ್ಕಿಲ್ಲವಾ ಹಾಗಾದರೆ?

ಟಿವಿಯಲ್ಲಿ ಬ್ಯಾಲೆ ಅಂದರೆ ಸೋವಿಯತ್ ಜನರಿಗೆ ಮಾತ್ರ ಬೇರೆ ಅರ್ಥ ಇತ್ತು. ದೊಡ್ಡ ನಾಯಕರು ತೀರಿಕೊಂಡಾಗ ಮಾಮೂಲಿ ಕಾರ್ಯಕ್ರಮ ನಿಲ್ಲಿಸಿ ಬ್ಯಾಲೆ, ಶಾಸ್ತ್ರೀಯ ಸಂಗೀತ ಹಾಕುತ್ತಿದ್ದರು. 1991ರ ಆಗಸ್ಟ್‌ನಲ್ಲಿ ಗೋರ್ಬಚೆವ್ ವಿರುದ್ಧ ಕ್ಷಿಪ್ರಕ್ರಾಂತಿ ನಡೆದಾಗಲೂ ಬೀದಿಯಲ್ಲಿ ಟ್ಯಾಂಕ್, ಟಿವಿಯಲ್ಲಿ ಸ್ವಾನ್ ಲೇಕ್. ಮರಿ ಹಂಸಗಳು ಕುಣಿದರೆ ಏನೋ ಎಡವಟ್ಟಾಗಿದೆ ಎಂದು ಜನಕ್ಕೆ ಅರ್ಥವಾಗುತ್ತಿತ್ತು. ಚೈಕೋವ್‌ಸ್ಕಿಗೆ ತಾನು ಸ್ವಾನ್ ಲೇಕ್‌ಗೆ ಬರೆದ ಸಂಗೀತದಿಂದ ಇಂಥ ಗತಿ ಬರುತ್ತದೆ ಎಂದು ಯಾರು ನೆನೆಸಿದ್ದರು.

ವಿಷಯಕ್ಕೆ ಬರೋಣ. ಮುಖವನ್ನು ಹತ್ತಿರದಿಂದ ತೋರಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಮ್ಯಾಕ್‌ಮಿಲನ್ ಸಂಯೋಜಿಸಿದ ಬ್ಯಾಲೆ ರೋಮಿಯೋ ಅಂಡ್ ಜೂಲಿಯೆಟ್‌ನಲ್ಲಿ ಒಂದು ಜಾಗ ಇದೆ. ಜೂಲಿಯೆಟ್ ಹಾಸಿಗೆ ಅಂಚಿನಲ್ಲಿ ಸುಮ್ನೆ ಕೂತಿರುತ್ತಾಳೆ. ಪ್ರೊಕೊಫಿಯೆವ್ ಸಂಗೀತ ಅಲೆ ಅಲೆಯಾಗಿ ಏರುತ್ತದೆ, ಅವಳು ಒಂದು ಬೆರಳೂ ಅಲ್ಲಾಡಿಸುವುದಿಲ್ಲ. ಕುಣಿತದ ನಡುವೆ ಕುಣಿತವೇ ಇಲ್ಲದ ಜಾಗ ಅದು. ಅಲ್ಲಿ ಹತ್ತಿರ ಬನ್ನಿ, ಬೇಕಾದರೆ ಕಣ್ಣು ಮಾತ್ರ ತೋರಿಸಿ. ಲಂಡನ್ನಿನ ರಾಯಲ್ ಬ್ಯಾಲೆ ತಂಡದ 1984ರ ಚಿತ್ರದಲ್ಲಿ ಅಲೆಸ್ಸಾಂಡ್ರಾ ಫೆರ್ರಿ ಈ ಪಾತ್ರ ಮಾಡಿದ್ದಾರೆ, ಆಗ ಅವರಿಗೆ ಇಪ್ಪತ್ತು ಇಪ್ಪತ್ತೊಂದು ಇರಬೇಕು. ಆ ಮುಖ ನೋಡಿ ನಾನು ಕಾಲನ್ನು ಮರೆತಿದ್ದೇನೆ. ಕಾಲು ಕೆಲಸ ಮಾಡದಿರುವಾಗ ಮುಖ ನೋಡುವುದು ನ್ಯಾಯ.

ಇದಕ್ಕೆ ತದ್ವಿರುದ್ಧ ಲಾ ಬಯಾದೇರ್ ಎಂಬ ಬ್ಯಾಲೆ. 1877ರದು, ಪೆಟಿಪಾ ಕಟ್ಟಿದ್ದು, ಭಾರತದ ದೇಗುಲದ ನರ್ತಕಿಯ ಕಥೆ. ಕಥೆಯನ್ನು ಬಿಡಿ, ಅದರಲ್ಲಿರುವ ಭಾರತ ಯಾವ ಲೋಕದ್ದೋ. ನೆರಳುಗಳ ಲೋಕ ಎಂಬ ದೃಶ್ಯ ಮಾತ್ರ ಬಿಡಬಾರದು. ವೇದಿಕೆಯ ಹಿಂದೆ ಒಂದು ಇಳಿಜಾರು. ಕತ್ತಲಿನಿಂದ ಬಿಳಿ ಉಡುಪಿನ ಒಬ್ಬಳು ಬರುತ್ತಾಳೆ. ಒಂದು ಕಾಲು ಹಿಂದೆ ಎತ್ತಿ ಮುಂದೆ ಬಾಗುತ್ತಾಳೆ. ನೆಟ್ಟಗಾಗಿ ಕೈ ಮೇಲೆತ್ತಿ ಹಿಂದಕ್ಕೆ ಬಾಗುತ್ತಾಳೆ. ಎರಡು ಹೆಜ್ಜೆ. ಅವಳ ಹಿಂದೆ ಇನ್ನೊಬ್ಬಳು, ಅದೇ. ಅವಳ ಹಿಂದೆ ಮತ್ತೊಬ್ಬಳು, ಅದೇ. ಪ್ಯಾರಿಸ್‌ನಲ್ಲಿ 32 ಜನ, ಕೆಲವು ಕಡೆ 24. ಹಾವಿನ ಹಾಗೆ ಬಳುಕುತ್ತಾ ಇಳಿದು ಇಡೀ ವೇದಿಕೆ ತುಂಬುತ್ತಾರೆ. ಒಬ್ಬೊಬ್ಬರ ಹೆಜ್ಜೆ ಏನೂ ಕಷ್ಟದ್ದಲ್ಲ. 32 ಜನ ಅದನ್ನು ಒಬ್ಬರೇ ಮಾಡಿದ ಹಾಗೆ, ಇಳಿಜಾರಿನಲ್ಲಿ, ಮತ್ತೆ ಮತ್ತೆ ಮಾಡುವುದೇ ಕಷ್ಟ. ಇದನ್ನು ತೋರಿಸುವುದಕ್ಕೆ ಸ್ವಲ್ಪ ಎತ್ತರದಲ್ಲಿ ಒಂದು ಕ್ಯಾಮೆರಾ ಸಾಕು. ಇಟ್ಟು ಕಾಫಿ ಕುಡಿಯುವುದಕ್ಕೆ ಹೋಗಬಹುದು. ಆದರೆ ಬಿಡುವುದಿಲ್ಲ! ಮೂರನೆಯವಳ ರೆಪ್ಪೆ, ಎಂಟನೆಯವಳ ಮುಸುಕು, ಪಕ್ಕದಿಂದ ಒಂದು, ನೆಲದಿಂದ ಒಂದು. ಸಾಲೇ ಆ ನೃತ್ಯ, ಸಾಲನ್ನೇ ತುಂಡು ಮಾಡುತ್ತಾರೆ. ನುರೆಯೆವ್ ಇದನ್ನು ಪ್ಯಾರಿಸ್ ಒಪೆರಾಗೆ ಪೂರ್ತಿ ಕಟ್ಟಿಕೊಟ್ಟಿದ್ದು 1992ರ ಅಕ್ಟೋಬರ್‌ನಲ್ಲಿ. ಮುಂದಿನ ಜನವರಿಯಲ್ಲಿ ತೀರಿಕೊಂಡರು. ಆ ಬಯಾದೇರ್ ಡಿಸ್ಕಿನಲ್ಲಿ ಸಿಗುತ್ತದೆ. ಕಟ್ಟಿದವರಿಲ್ಲ, ಅಂದು ಕುಣಿದವರಿಗೆಲ್ಲ ವಯಸ್ಸಾಯಿತು, ರಂಗಮಂದಿರಕ್ಕೆ ಹೋದರೂ ಅವರ ಅಂದಿನ ಕುಣಿತವನ್ನು ನೋಡಲು ಸಾಧ್ಯವಿಲ್ಲ. ಡಿಸ್ಕ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಡಿಸ್ಕ್ ಅಂದ ತಕ್ಷಣ ಈಗಿನವರು ಮೂಗು ಮುರಿಯುತ್ತಾರೆ, ಎಲ್ಲಾ ಆನ್‌ಲೈನ್ ಸಿಗುತ್ತಲ್ಲಾ ಅಂತ. ಸಿಗುತ್ತದೆ, ಹೋಗುತ್ತದೆ. 2020ರಲ್ಲಿ ರಂಗಮಂದಿರಗಳೆಲ್ಲ ಬಾಗಿಲು ಹಾಕಿದಾಗ ಮಾಸ್ಕೋದ ಬೊಲ್ಶೊಯಿ, ಪ್ಯಾರಿಸ್, ಲಂಡನ್ ಎಲ್ಲರೂ ತಮ್ಮ ಹಳೆ ಚಿತ್ರಗಳನ್ನು ಪುಕ್ಕಟೆ ಹಾಕಿದರು. ನಿದ್ದೆಗೆಟ್ಟು ನೋಡಿದೆ. ಒಂದೊಂದು ಒಂದು ದಿನ, ಒಂದೊಂದು ಒಂದು ವಾರ, ಆಮೇಲೆ ಮಾಯ. ನನ್ನ ಕಪಾಟಿನಲ್ಲಿರುವುದು ಯಾರ ಅಪ್ಪಣೆಗೂ ಕಾಯುವುದಿಲ್ಲ. ಹಾಗಂತ ಡಿಸ್ಕ್ ದೇವರಲ್ಲ. ಒಮ್ಮೆ ಬಹಳ ಆಸೆಪಟ್ಟು ತರಿಸಿದ ಒಂದು ಡಿವಿಡಿ ಪ್ಲೇಯರ್‌ಗೆ ಹಾಕಿದರೆ 'ಈ ಪ್ರದೇಶಕ್ಕಲ್ಲ' ಎಂದು ಬಂತು. ಡಿವಿಡಿ ಮಾಡಿದವರು ಜಗತ್ತನ್ನು ಹೊಲ ಪಾಲು ಮಾಡಿದ ಹಾಗೆ ಹಂಚಿಕೊಂಡಿದ್ದಾರೆ, 1 ಅಂದರೆ ಅಮೆರಿಕ, ಕೆನಡಾ, 2 ಅಂದರೆ ಯುರೋಪ್, ಜಪಾನ್, ಹೀಗೆ. ಮಾರಿದವರು ಹೇಳಲಿಲ್ಲ, ನಾನು ಕೇಳಲಿಲ್ಲ. ಡಬ್ಬಿಯ ಹಿಂಬದಿಯಲ್ಲಿ ಪುಟ್ಟ ಭೂಗೋಳದ ಚಿತ್ರದೊಳಗೆ ಅಂಕಿ ಇರುತ್ತದೆ, 0 ಇದ್ದರೆ ಎಲ್ಲ ಕಡೆ ಓಡುತ್ತದೆ, ಬ್ಯಾಲೆಯವು ಪುಣ್ಯಕ್ಕೆ ಬಹಳಷ್ಟು 0. ಇನ್ನೊಂದು ಡಿಸ್ಕ್ ಎರಡು ಪದರದ್ದು. ಒಂದು ಪದರ ಮುಗಿದು ಇನ್ನೊಂದಕ್ಕೆ ಹೋಗುವಾಗ ನನ್ನ ಹಳೆ ಪ್ಲೇಯರ್ ಅರ್ಧ ಸೆಕೆಂಡ್ ತಡವರಿಸುತ್ತದೆ. ಆ ಅರ್ಧ ಸೆಕೆಂಡ್ ಸರಿಯಾಗಿ ಒಬ್ಬ ನರ್ತಕ ಜಿಗಿದಾಗಲೇ ಬರಬೇಕಾ? ಎರಡು ಕಾಲೂ ಚಾಚಿಕೊಂಡು ಗಾಳಿಯಲ್ಲೇ ನಿಂತುಬಿಡುತ್ತಾನೆ. ಮೊದಲ ಸಲ ನೋಡಿದಾಗ ಅವನ ಪ್ರತಿಭೆ ಅಂದುಕೊಂಡು ಚಪ್ಪಾಳೆ ತಟ್ಟಿದ್ದೆ.

ಈಗ ನಿಮ್ಮಲ್ಲಿ ಒಂದು ಕೋರಿಕೆ, ಅಸಲಿಗೆ ಈ ಕಾಗದ ಬರೆದದ್ದೇ ಇದಕ್ಕೆ. ನಿಮ್ಮ ಪತ್ರಿಕೆಯ ಟಿವಿ ಕಾಲಂನಲ್ಲಿ ಯಾವಾಗಲೋ ಒಮ್ಮೆ ಬ್ಯಾಲೆ ಬಂದರೆ 'ಸ್ವಾನ್ ಲೇಕ್, ನೃತ್ಯ' ಅಂತ ಮಾತ್ರ ಹಾಕುತ್ತೀರಿ. ಇದರಿಂದ ಏನೂ ತಿಳಿಯುವುದಿಲ್ಲ. ಯಾವ ಸ್ವಾನ್ ಲೇಕ್? 1895ರದನ್ನು ಹಿಡಿದು ಕಟ್ಟಿದ್ದರೆ ಕೊನೆಯಲ್ಲಿ ಇಬ್ಬರೂ ಕೊಳಕ್ಕೆ ಹಾರುತ್ತಾರೆ. ನುರೆಯೆವ್ ವಿಯೆನ್ನಾದಲ್ಲಿ ಕಟ್ಟಿದ್ದರಲ್ಲಿ ರಾಜಕುಮಾರ ಒಬ್ಬನೇ ಮುಳುಗಿ ಸಾಯುತ್ತಾನೆ. ಸೋವಿಯತ್ ಕಾಲದಲ್ಲಿ ಕಟ್ಟಿದ ಕೆಲವದರಲ್ಲಿ ಮಾಂತ್ರಿಕ ಸೋತು ಇಬ್ಬರೂ ಸುಖವಾಗಿರುತ್ತಾರೆ. ಮ್ಯಾಥ್ಯೂ ಬೋರ್ನ್ 1995ರಲ್ಲಿ ಮಾಡಿದ್ದರಲ್ಲಂತೂ ಹಂಸಗಳೆಲ್ಲ ಗಂಡಸರು, ಬರಿಮೈ, ಬರಿಗಾಲು. ಬಿಳಿ ಟುಟು ನೋಡಬೇಕೆಂದು ಕೂತವರಿಗೆ ಆಘಾತವಾಗಬಹುದು, ಅಥವಾ ಖುಷಿಯಾಗಬಹುದು, ಹೇಳಲಾಗದು. ಯಾವ ತಂಡ, ಯಾರ ಸಂಯೋಜನೆ, ಯಾರು ಕುಣಿದಿದ್ದಾರೆ, ಯಾವ ವರ್ಷ ತೆಗೆದದ್ದು, ಇಷ್ಟು ಹಾಕಿದರೆ ಒಂದೂವರೆ ಸಾಲು ಆಗಬಹುದು. ಸಿನಿಮಾಗೆ ನಾಯಕ ನಾಯಕಿಯ ಹೆಸರು ಹಾಕುತ್ತೀರಲ್ಲ, ಹಾಗೆ. ಹೊಸ ಡಿಸ್ಕ್ ಬಗ್ಗೆ ಬರೆಸಿದಾಗ ಇನ್ನೂ ಅರ್ಧ ಸಾಲು ಸೇರಿಸಿ: ಕಾಲು ಕಾಣುತ್ತದೋ ಇಲ್ಲವೋ. ನಾನು ಡಿಸ್ಕ್ ಕೊಳ್ಳುವ ಮುಂಚೆ ನೋಡುವುದು ಅದೊಂದನ್ನೇ.

ಆ ಬರಹ ಬರೆದವರಿಗೂ ಒಂದು ಮಾತು ತಲುಪಿಸಿ. ನುರೆಯೆವ್ ಅವರ ಬಯಾದೇರ್ ಡಿಸ್ಕ್ ಕೊಡುತ್ತೇನೆ, ಒಂದು ತಿಂಗಳು ಇಟ್ಟುಕೊಳ್ಳಲಿ. ನೆರಳುಗಳು ಇಳಿಯುವ ಜಾಗವನ್ನು ಎರಡು ಸಲ ನೋಡಲಿ, ಒಮ್ಮೆ ಮುಂದಿನವಳನ್ನು, ಇನ್ನೊಮ್ಮೆ ಕೊನೆಗೆ ಬರುವವಳನ್ನು. ಗೀರು ಬೀಳಿಸದೆ ವಾಪಸ್ ಕೊಡಬೇಕು. ನೋಡುವಾಗ ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ದಯವಿಟ್ಟು ಹಾಗೇ ಬಿಡಲಿ, ಮನೆಯವರು ಯಾರಾದರೂ ರಿಮೋಟ್‌ಗೆ ಕೈ ಹಾಕಿದರೆ ತಡೆಯಲಿ.

ಇಂತಿ,
ನಿಮ್ಮ ಓದುಗ